ರಕ್ತದೊತ್ತಡ: ನಿದ್ರೆ ಕೆಟ್ಟರೆ ಮಾತ್ರೆ ಬಿಡಬೇಕೆ?

ಅಧಿಕ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುವವರಲ್ಲಿ ಅನೇಕರು ಮಾತ್ರೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತಾರೆ. ಒಂದು ಮಾತ್ರೆಯಿಂದ ಕೆಮ್ಮು ಬಂತು, ಇನ್ನೊಂದರಿಂದ ಕಾಲು ಬಾತಿತು, ಮತ್ತೊಂದು ಶುರುವಾದ ಮೇಲೆ ನಿದ್ರೆಯೇ ಹೋಯಿತು ಎಂಬುದು ಅವರು ಕೊಡುವ ಕಾರಣ. ವೈದ್ಯರನ್ನು ಕೇಳಿ ಬಿಡುವವರು ಕಡಿಮೆ. ತಾವೇ ತೀರ್ಮಾನಿಸಿ ಬಿಟ್ಟು, ವೈದ್ಯರೆದುರು ಅದನ್ನು ಮುಚ್ಚಿಡುವವರೇ ಹೆಚ್ಚು.

ಚಿಕಿತ್ಸಾಲಯಗಳಲ್ಲಿ ದಿನವೂ ಇಂಥ ಮಾತುಕತೆ ನಡೆಯುತ್ತಿರುತ್ತದೆ.

"ಮಾತ್ರೆ ಸರಿಯಾಗಿ ತಗೋತಿದ್ದೀರಾ?"

"ತಗೋತಿದ್ದೀನಿ ಡಾಕ್ಟ್ರೇ."

"ಎಲ್ಲಿ ತಗೋತಾರೆ? ಬಿಟ್ಟು ಹದಿನೈದು ದಿನ ಆಯ್ತು. ರಾತ್ರಿ ನಿದ್ದೆ ಬರಲ್ಲ ಅಂತಾರೆ. ಇವರ ಗೊರಕೆಗೆ ನಮಗ್ಯಾರಿಗೂ ನಿದ್ದೆ ಇಲ್ಲ!" ಎಂದು ಪಕ್ಕದಲ್ಲಿ ಕುಳಿತ ಹೆಂಡತಿ ಗುಟ್ಟು ರಟ್ಟು ಮಾಡುತ್ತಾರೆ.

ಆಕೆಯ ಈ ಮಾತನ್ನು ನಕ್ಕು ಬಿಡುವಂತಿಲ್ಲ. ಒತ್ತಡ ಏಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಅದರಲ್ಲೇ ಇರಬಹುದು. ರಕ್ತದೊತ್ತಡ, ನಿದ್ರೆ ಮತ್ತು ಮಾತ್ರೆಯ ಅಡ್ಡ ಪರಿಣಾಮ ಇವು ಮೂರು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಪಡಿಸಲು ಹೋದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ಮಾತ್ರೆ ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಅಪಾಯ ಇರುವುದೇ ಇಲ್ಲಿ. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ತಲೆ ಸುತ್ತಿಸುವುದಿಲ್ಲ. ಸದ್ದಿಲ್ಲದೆ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ರಕ್ತನಾಳಗಳನ್ನು ಹಾಳು ಮಾಡುತ್ತಾ ಹೋಗುತ್ತದೆ. ಎಷ್ಟೋ ಮಂದಿಗೆ ಅದು ತಿಳಿಯುವುದು ಬಾಯಿ ಸೊಟ್ಟಗಾಗಿ, ಒಂದು ಕೈ ಸ್ವಾಧೀನ ತಪ್ಪಿದ ದಿನವೇ.

ರಾತ್ರಿ ಇಳಿಯಬೇಕಾದ ಒತ್ತಡ

ಆರೋಗ್ಯವಂತರ ರಕ್ತದೊತ್ತಡವೂ ದಿನವಿಡೀ ಒಂದೇ ಸಮನಾಗಿರುವುದಿಲ್ಲ. ಬೆಳಗಿನ ಜಾವ ಏರತೊಡಗಿ, ಹಗಲಿನ ಕೆಲಸ, ನಡಿಗೆ, ಮಾತು, ಸಿಟ್ಟುಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ರಾತ್ರಿ ನಿದ್ರೆಯಲ್ಲಿ ಅದು ಹಗಲಿನ ಸರಾಸರಿಗಿಂತ ಶೇಕಡ 10ರಿಂದ 20ರಷ್ಟು ಇಳಿಯುತ್ತದೆ. ಹಗಲಿನಲ್ಲಿ ಮೇಲಿನ ಅಂಕಿ 130 ಇರುವವರಲ್ಲಿ ನಿದ್ರೆಯ ಹೊತ್ತಿಗೆ ಅದು 105-115ರ ಆಸುಪಾಸಿಗೆ ಬರಬೇಕು. ದಿನವಿಡೀ ದುಡಿಯುವ ಹೃದಯಕ್ಕೂ ರಕ್ತನಾಳಗಳಿಗೂ ದೊರೆಯುವ ಬಿಡುವು ಇಷ್ಟೇ.

ಕೆಲವರಲ್ಲಿ ಈ ಇಳಿತ ಆಗುವುದೇ ಇಲ್ಲ. ಹಗಲಿನಲ್ಲಿ ಅಳೆದಾಗ ಒತ್ತಡ ಪರವಾಗಿಲ್ಲ ಎನ್ನುವಷ್ಟಿದ್ದರೂ ರಾತ್ರಿಯೆಲ್ಲ ಏರಿಯೇ ಇರುತ್ತದೆ. ಇಂಥವರಿಗೆ ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ಹಾನಿಯ ಸಾಧ್ಯತೆ ಹೆಚ್ಚು. ತೋಳಿಗೆ ಪಟ್ಟಿ ಕಟ್ಟಿ 24 ಗಂಟೆಯೂ ಒತ್ತಡ ದಾಖಲಿಸುವ ಯಂತ್ರದಿಂದ ಇದನ್ನು ಪತ್ತೆ ಹಚ್ಚಬಹುದು.

ನಿದ್ರೆ ತುಂಡು ತುಂಡಾದರೆ ದೇಹ ಎಚ್ಚರದ ಸ್ಥಿತಿಯಿಂದ ಹೊರಬರುವುದಿಲ್ಲ. ಅಡ್ರಿನಲಿನ್‌ನಂಥ ರಸದೂತಗಳು ಹರಿಯುತ್ತಲೇ ಇದ್ದು ರಕ್ತನಾಳಗಳನ್ನು ಬಿಗಿ ಹಿಡಿಯುತ್ತವೆ. ಹೃದಯದ ಆರೋಗ್ಯಕ್ಕೆ ಅಗತ್ಯವಾದ ಅಂಶಗಳ ಪಟ್ಟಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ನಿದ್ರೆಯನ್ನೂ ಸೇರಿಸಿತು. ವಯಸ್ಕರಿಗೆ ರಾತ್ರಿ 7ರಿಂದ 9 ಗಂಟೆ ನಿದ್ರೆ ಬೇಕೆಂಬುದು ಅದರ ಸಲಹೆ. ರಾತ್ರಿ ಬಸ್ಸಿನ ಚಾಲಕರು, ದಾದಿಯರು, ಕಾವಲುಗಾರರು, ಅಮೆರಿಕದ ಹೊತ್ತಿಗೆ ಹೊಂದಿಕೊಂಡು ದುಡಿಯುವ ಕಂಪ್ಯೂಟರ್ ಉದ್ಯೋಗಿಗಳು ಬಿ.ಪಿ. ಪರೀಕ್ಷೆಗೆ ಹೋದಾಗ ತಮ್ಮ ಪಾಳಿಯ ವಿಷಯವನ್ನು ತಪ್ಪದೆ ತಿಳಿಸಬೇಕು.

ಇನ್ನೊಂದು ಸಂಗತಿಯನ್ನು ಹೊರ ಊರಿನವರು ಗಮನಿಸಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲೆಂದು ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬರುತ್ತಾರೆ. ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆ ಇರಬೇಕೆಂದು ಬೆಳಗಿನ ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಎಂಟು ಗಂಟೆಗೆ ಅಳೆದರೆ 170 ತೋರಿಸುತ್ತದೆ, ಮಾತ್ರೆ ಹೆಚ್ಚಾಗುತ್ತದೆ. ಊರಿಗೆ ಹಿಂದಿರುಗಿ ಚೆನ್ನಾಗಿ ನಿದ್ರೆ ಮಾಡಿದ ಮೇಲೆ ಅದೇ ಪ್ರಮಾಣ ಅತಿಯಾಗಿ ತಲೆ ಸುತ್ತುತ್ತದೆ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಇದ್ದರೂ ಬಿ.ಪಿ. ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನೊಡನೆ ನುಂಗಬಹುದು. ಮುಂಚೆಯೇ ಕೇಳಿಟ್ಟುಕೊಂಡರಾಯಿತು. ನಿದ್ರೆಯಿಲ್ಲದೆ ಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಗೊರಕೆ ನಿಂತಾಗ

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ಉಂಟು. ಆದರೆ ಹಗಲು ಹೊತ್ತಿನಲ್ಲಿ ಬಸ್ಸು ಹತ್ತಿದ ಕೂಡಲೇ, ಪೇಪರು ಹಿಡಿದ ಕೂಡಲೇ, ಸಭೆಯಲ್ಲಿ ಕುಳಿತ ಕೂಡಲೇ ತೂಕಡಿಸುವವರೆಲ್ಲ ಚಿಂತೆ ಇಲ್ಲದವರೆಂದು ತಿಳಿಯಬಾರದು. ಅವರಿಗೆ ರಾತ್ರಿಯ ನಿದ್ರೆ ನಿದ್ರೆಯೇ ಆಗಿರಲಿಕ್ಕಿಲ್ಲ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ಉಸಿರಿನ ದಾರಿ ಪೂರ್ತಿ ಮುಚ್ಚಿಕೊಂಡು ಹತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಉಸಿರೇ ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಗಾಬರಿಗೊಂಡ ಮೆದುಳು ಅರೆಕ್ಷಣ ಎಚ್ಚರಿಸುತ್ತದೆ, ಜೋರಾದ ಗೊರಕೆಯೊಡನೆ ಉಸಿರು ಮರಳುತ್ತದೆ, ಅದರ ಜೊತೆಗೆ ರಕ್ತದೊತ್ತಡ ನೆಗೆಯುತ್ತದೆ. ತೀವ್ರವಾದ ಪ್ರಕರಣಗಳಲ್ಲಿ ಗಂಟೆಗೆ 30ಕ್ಕೂ ಹೆಚ್ಚು ಬಾರಿ ಹೀಗಾಗುತ್ತದೆ. ಇದನ್ನು ಸ್ಲೀಪ್ ಅಪ್ನಿಯ, ಅಂದರೆ ನಿದ್ರೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಎನ್ನುತ್ತಾರೆ. ರೋಗಿಗೆ ಇದಾವುದರ ನೆನಪೂ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರೇ ಸಾಕ್ಷಿ.

ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಒತ್ತಡ ಹತೋಟಿಗೆ ಬಾರದವರಲ್ಲಿ ಈ ಕಾಯಿಲೆ ಬಹಳ ಸಾಮಾನ್ಯ. ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಎದ್ದಾಗ ತಲೆನೋವು ಮತ್ತು ಒಣಗಿದ ಬಾಯಿ, ಹಗಲಿನ ತೂಕಡಿಕೆ, ಸ್ಥೂಲ ದೇಹ, 40 ಸೆಂಟಿಮೀಟರ್ ಮೀರಿದ ಕತ್ತಿನ ಸುತ್ತಳತೆ ಇವು ಅದರ ಸುಳಿವುಗಳು. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದೂ ಇದರ ಲಕ್ಷಣವಾಗಿರಬಹುದು. ತೆಳ್ಳಗಿನವರಿಗೂ ಹೆಂಗಸರಿಗೂ ಇದು ಬರುವುದುಂಟು.

ಚಿಕಿತ್ಸೆ ಇದೆ. ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ವಿವರಿಸಿದ ಸಿ-ಪ್ಯಾಪ್ ವಿಧಾನದಲ್ಲಿ ಮೂಗಿನ ಮೇಲೆ ಮುಖವಾಡ ಧರಿಸಿ ಮಲಗಿದರೆ ಸಣ್ಣ ಯಂತ್ರವೊಂದು ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಸಹ ನೆರವಾಗುತ್ತವೆ. ಆದರೆ ಯಂತ್ರ ಬಂತೆಂದು ಬಿ.ಪಿ. ಮಾತ್ರೆ ನಿಲ್ಲಿಸುವಂತಿಲ್ಲ. ಅದರಿಂದ ಇಳಿಯುವ ಒತ್ತಡ ಸರಾಸರಿ ಕೆಲವೇ ಮಿಲಿಮೀಟರು.

ಯಾವ ಮಾತ್ರೆ, ಏನು ತೊಂದರೆ?

ಮಾತ್ರೆಯಿಂದ ನಿದ್ರೆ ಕೆಡುತ್ತದೆಂಬ ದೂರು ಸುಳ್ಳಲ್ಲ. ಆದರೆ ಅದು ಎಲ್ಲ ಮಾತ್ರೆಗಳಿಗೂ ಅನ್ವಯಿಸುವುದಿಲ್ಲ, ಎಲ್ಲರಿಗೂ ಆಗುವುದೂ ಇಲ್ಲ.

ಎನಾಲಾಪ್ರಿಲ್, ರಾಮಿಪ್ರಿಲ್ ಮೊದಲಾದ 'ಪ್ರಿಲ್' ಗುಂಪಿನ ಔಷಧಗಳಿಂದ ಸುಮಾರು ಹತ್ತರಲ್ಲಿ ಒಬ್ಬರಿಗೆ ಗಂಟಲು ಕೆರೆಯುವ ಒಣ ಕೆಮ್ಮು ಬರುತ್ತದೆ. ಕಫವಿಲ್ಲ, ಜ್ವರವಿಲ್ಲ, ಆದರೂ ರಾತ್ರಿಯ ನಿದ್ರೆ ಹಾಳು. ಕಾರಣ ತಿಳಿಯದವರು ಬಾಟಲಿಗಟ್ಟಲೆ ಕೆಮ್ಮಿನ ಸಿರಪ್ ಕುಡಿಯುತ್ತಾರೆ. ವೈದ್ಯರು ಇದನ್ನು ಬದಲಿಸಿ ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ 'ಸಾರ್ಟನ್' ಗುಂಪಿನ ಮಾತ್ರೆ ಕೊಟ್ಟರೆ ಕೆಲವು ವಾರಗಳಲ್ಲಿ ಕೆಮ್ಮು ಅಡಗುತ್ತದೆ. ಗರ್ಭಿಣಿಯರೂ ಗರ್ಭ ಧರಿಸಲು ಬಯಸುವವರೂ ಈ ಎರಡೂ ಗುಂಪಿನ ಔಷಧಗಳ ಬಗ್ಗೆ ವೈದ್ಯರೊಡನೆ ಮೊದಲೇ ಮಾತನಾಡಬೇಕು. ಇವು ಮಗುವಿಗೆ ಹಾನಿ ಮಾಡಬಲ್ಲವು.

ಮೂತ್ರ ಹೆಚ್ಚಿಸುವ ಮಾತ್ರೆಗಳನ್ನು ಸಂಜೆ ಅಥವಾ ರಾತ್ರಿ ನುಂಗಿದರೆ ಎರಡು ಮೂರು ಸಲ ಏಳುವುದು ತಪ್ಪದು. ಇವನ್ನು ಬೆಳಿಗ್ಗೆಯೇ ತೆಗೆದುಕೊಳ್ಳುವುದು ಒಳ್ಳೆಯದು. ಇವುಗಳಿಂದ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿಯುವ ಸಾಧ್ಯತೆಯೂ ಇರುವುದರಿಂದ ವೈದ್ಯರು ಆಗಾಗ ರಕ್ತ ಪರೀಕ್ಷೆ ಹೇಳುತ್ತಾರೆ. ವಯಸ್ಸಾದವರಲ್ಲಿ ಸುಸ್ತು, ಗೊಂದಲ, ಕಾಲಿನ ಸೆಳೆತ ಕಂಡರೆ ಈ ಪರೀಕ್ಷೆಯನ್ನು ಮುಂದೂಡಬಾರದು.

ಪ್ರೊಪ್ರನಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಮೆದುಳಿಗೆ ಸುಲಭವಾಗಿ ಪ್ರವೇಶಿಸುತ್ತವೆ. ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಸ್ರಾವವನ್ನೂ ಬೀಟಾ ಬ್ಲಾಕರ್‌ಗಳು ತಗ್ಗಿಸಬಲ್ಲವು. ಕೆಲವರಿಗೆ ಕೆಟ್ಟ ಕನಸು, ನಡುರಾತ್ರಿಯ ಎಚ್ಚರ ಉಂಟಾಗುವುದು ಇದರಿಂದಲೇ. ಬರಿಯ ರಕ್ತದೊತ್ತಡಕ್ಕೆ ಇವನ್ನು ಈಗ ಸಾಮಾನ್ಯವಾಗಿ ಮೊದಲ ಆಯ್ಕೆಯಾಗಿ ಕೊಡುವುದಿಲ್ಲ. ಹೃದಯದ ಕಾಯಿಲೆ ಇರುವವರಿಗೆ ಮಾತ್ರ ಇವು ಅತ್ಯಗತ್ಯವಾಗಿರುತ್ತವೆ. ಅಂಥವರು ಥಟ್ಟನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಆಗಬಹುದು. ಕ್ಲೊನಿಡಿನ್ ಎಂಬ ಔಷಧವನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ.

ಕೆಲವು ಮಾತ್ರೆಗಳಿಂದ ಪುರುಷತ್ವದ ತೊಂದರೆಯೂ ಆಗುವುದುಂಟು. ಹೇಳಲು ಸಂಕೋಚಪಟ್ಟು ಮಾತ್ರೆಯನ್ನೇ ಬಿಡುವ ಗಂಡಸರಿದ್ದಾರೆ. ವೈದ್ಯರಿಗೆ ಇದು ಹೊಸ ವಿಷಯವೇನಲ್ಲ. ಏರಿದ ರಕ್ತದೊತ್ತಡವೇ ಈ ತೊಂದರೆಗೆ ಕಾರಣವಾಗಿರಬಹುದು ಎಂಬುದನ್ನೂ ಮರೆಯಬಾರದು.

ಮಾತ್ರೆಯ ಬೆನ್ನಿಗೆ ಮಾತ್ರೆ

ಅಡ್ಡ ಪರಿಣಾಮವನ್ನು ಗುರುತಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಮ್ಲೋಡಿಪಿನ್ ಒಳ್ಳೆಯ ಉದಾಹರಣೆ. ಅಗ್ಗದ, ಪರಿಣಾಮಕಾರಿಯಾದ, ಲಕ್ಷಾಂತರ ಮಂದಿಯನ್ನು ಕಾಪಾಡಿದ ಔಷಧ ಅದು. ಆದರೆ ಕೆಲವರಿಗೆ, ಮುಖ್ಯವಾಗಿ 10 ಮಿಲಿಗ್ರಾಂ ಪ್ರಮಾಣದಲ್ಲಿ, ಪಾದ ಮತ್ತು ಹರಡು ಬಾತುಕೊಳ್ಳುತ್ತವೆ. ಈ ಬಾವು ದೇಹದಲ್ಲಿ ನೀರು ಹೆಚ್ಚಾದ್ದರಿಂದ ಬಂದದ್ದಲ್ಲ, ಸಣ್ಣ ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗಿದ್ದರಿಂದ ಬಂದದ್ದು.

ಅದು ತಿಳಿಯದೆ ಬಾವು ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದರೆ ಬಾವು ಅಷ್ಟಾಗಿ ಇಳಿಯದು, ರಾತ್ರಿ ಏಳುವುದು ಮಾತ್ರ ಹೆಚ್ಚುತ್ತದೆ. ನಿದ್ರೆಗೆಟ್ಟದ್ದಕ್ಕೆ ನಿದ್ರೆ ಮಾತ್ರೆ ಬರುತ್ತದೆ. ಅದರ ಮಂಪರಿನಲ್ಲಿ ಬಚ್ಚಲುಮನೆಗೆ ಎದ್ದು ಹೋದ ಎಪ್ಪತ್ತು ವರ್ಷದ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಮೊದಲಿಗೇ ಬಾವನ್ನು ತೋರಿಸಿದ್ದರೆ ಪ್ರಮಾಣ ಇಳಿಸಿಯೋ, 'ಸಾರ್ಟನ್' ಗುಂಪಿನ ಮಾತ್ರೆ ಜೊತೆಗೂಡಿಸಿಯೋ ಅಥವಾ ಔಷಧ ಬದಲಿಸಿಯೋ ಅಲ್ಲಿಗೇ ಮುಗಿಸಬಹುದಿತ್ತು.

ನಿದ್ರೆ ಮಾತ್ರೆಯ ಮೋಹ ಬೇರೆ ರೀತಿಯಲ್ಲೂ ಅಪಾಯಕಾರಿ. ಆಲ್ಪ್ರಜೋಲಾಂನಂಥ ಮಾತ್ರೆಗಳಿಗೆ ದೇಹ ಒಗ್ಗಿಕೊಂಡು ಬಿಡಲಾಗದ ಚಟವಾಗುತ್ತದೆ. ಉಸಿರು ಕಟ್ಟುವ ಕಾಯಿಲೆ ಇರುವವರಲ್ಲಿ ಇವು ಗಂಟಲಿನ ಸ್ನಾಯುಗಳನ್ನು ಮತ್ತಷ್ಟು ಸಡಿಲಿಸಬಹುದು. ನಿದ್ರೆಗೆಂದು ಹಾಕುವ ಒಂದು ಪೆಗ್ಗಿನದೂ ಇದೇ ಕಥೆ. ಬೇಗ ಕಣ್ಣು ಮುಚ್ಚುತ್ತದೆ, ನಡುರಾತ್ರಿ ಎಚ್ಚರವಾಗುತ್ತದೆ, ಗೊರಕೆಯೂ ಒತ್ತಡವೂ ಏರುತ್ತವೆ.

ಅಂಗಡಿಯಿಂದ ಚೀಟಿಯಿಲ್ಲದೆ ತರುವ ಔಷಧಗಳತ್ತಲೂ ಕಣ್ಣಿರಬೇಕು. ಮಂಡಿನೋವಿಗೆ ದಿನವೂ ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮಾತ್ರೆಗಳು ಒತ್ತಡ ಏರಿಸುತ್ತವೆ, ಬಿ.ಪಿ. ಮಾತ್ರೆಯ ಶಕ್ತಿಯನ್ನೂ ಕುಂದಿಸುತ್ತವೆ. ಕಟ್ಟಿದ ಮೂಗು ಬಿಡಿಸುವ ಕೆಲವು ನೆಗಡಿ ಮಾತ್ರೆಗಳು ಒತ್ತಡವನ್ನೂ ನಿದ್ರೆಯನ್ನೂ ಕೆಡಿಸುತ್ತವೆ. ಗಂಟಲಿಗೆ ಹಿತವೆಂದು ದಿನವೂ ಅಗಿಯುವ ಅತಿಮಧುರದ ಬೇರು ಕೂಡ ಅತಿಯಾದರೆ ರಕ್ತದೊತ್ತಡ ಏರಿಸುತ್ತದೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯಕಾರಿ ಎನ್ನಲಾಗದು.

ಸರ್ಪಗಂಧಿಯ ಪಾಠ

ಈ ಮಾತಿಗೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಸರ್ಪಗಂಧಿಯ ಬೇರನ್ನು ಹಿಂದಿನಿಂದಲೂ ಮನೋರೋಗಕ್ಕೂ ನಿದ್ರೆ ಬರಿಸಲೂ ಬಳಸುತ್ತಿದ್ದರು. ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ವರದಿ ಮಾಡಿದರು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಿಂದ ಅದು ಜಗತ್ತಿನ ಗಮನ ಸೆಳೆಯಿತು. ಅದಕ್ಕಾಗಿ ಅವರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು 1952ರಲ್ಲಿ ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು.

ಒತ್ತಡವೂ ಇಳಿದು ನಿದ್ರೆಯೂ ಬರುವುದಾದರೆ ಇನ್ನೇನು ಬೇಕು ಎನ್ನಿಸಿತ್ತು. ಆದರೆ ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಲ್ಲಿ ಕೆಲವರಿಗೆ ಮೂಗು ಕಟ್ಟುವುದು, ದುಃಸ್ವಪ್ನ, ಹಗಲಿನ ಜಡತೆ ಕಾಣಿಸಿಕೊಂಡವು. ಕೆಲವರು ತೀವ್ರ ಖಿನ್ನತೆಗೆ ಜಾರಿದ ವರದಿಗಳೂ ಬಂದವು. ಪ್ರಮಾಣ ತಗ್ಗಿಸಲಾಯಿತು. ಬೇರೆ ಔಷಧಗಳು ಬಂದಂತೆ ಅದರ ಬಳಕೆ ವಿರಳವಾಯಿತು. ಔಷಧದ ಗುಣದಂತೆಯೇ ದೋಷವೂ ತಿಳಿದುಬಂದದ್ದು ರೋಗಿಗಳು ತಮ್ಮ ಅನುಭವವನ್ನು ವೈದ್ಯರಿಗೆ ಹೇಳಿದ್ದರಿಂದ.

ಬೆಳಿಗ್ಗೆಯೋ, ರಾತ್ರಿಯೋ?

ಬಿ.ಪಿ. ಮಾತ್ರೆಯನ್ನು ರಾತ್ರಿಯೇ ನುಂಗಬೇಕು, ಆಗ ಹೆಚ್ಚು ಗುಣ ಎಂಬ ಮಾತು ಕೆಲವು ವರ್ಷ ಪ್ರಚಾರದಲ್ಲಿತ್ತು. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ ಐದು ವರ್ಷಗಳಷ್ಟು ಕಾಲ ಗಮನಿಸಿದ 'ಟೈಮ್' ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮರೆಯದೆ ನುಂಗಲು ಯಾವ ಹೊತ್ತು ಅನುಕೂಲವೋ ಅದೇ ಒಳ್ಳೆಯ ಹೊತ್ತು. ಒಂದು ಮಾತ್ರೆ ಬೆಳಿಗ್ಗೆ ತಲೆ ಸುತ್ತಿಸಿದರೆ ರಾತ್ರಿಗೆ, ರಾತ್ರಿ ನಿದ್ರೆ ಕೆಡಿಸಿದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಮನೆಯಲ್ಲಿ ಮಾಡಬಹುದಾದದ್ದು

ನಿದ್ರೆಗೆ ಮೊದಲ ಮದ್ದು ಏಳುವ ಸಮಯವನ್ನು ನಿಗದಿ ಮಾಡುವುದು. ರಾತ್ರಿ ಎಷ್ಟೇ ತಡವಾಗಿ ನಿದ್ರೆ ಬಂದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಲಗುವವರಿಗೆ ರಾತ್ರಿ ನಿದ್ರೆ ಬಾರದಿದ್ದರೆ ಆಶ್ಚರ್ಯವಿಲ್ಲ. ಹಾಸಿಗೆಯ ಮೇಲೆ ಹೊರಳಾಡಿ ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಬೇಕು. ಗಡಿಯಾರವನ್ನೂ ಮೊಬೈಲನ್ನೂ ಕೈಗೆ ಸಿಗದಂತೆ ಇಡಬೇಕು. ಸಂಜೆಯ ಮೇಲೆ ಕಾಫಿ ಬೇಡ. ಬೆಳಗಿನ ನಡಿಗೆ ಒತ್ತಡಕ್ಕೂ ನಿದ್ರೆಗೂ ಒಳ್ಳೆಯದು.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಸಾರು ಪಲ್ಯದ ಉಪ್ಪು ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಉಪ್ಪು ಮೆಣಸಿನಕಾಯಿ ಬಡಿಸಿಕೊಂಡರೆ ಲಾಭವಿಲ್ಲ. ರಾತ್ರಿಯ ಊಟದಲ್ಲಿ ಉಪ್ಪು ತಗ್ಗಿದರೆ ಕೆಲವರಿಗೆ ಮೂತ್ರಕ್ಕೆ ಏಳುವುದೂ ತಗ್ಗುತ್ತದೆ.

ಮನೆಯಲ್ಲಿ ಅಳೆಯುವವರು ತೋಳಿಗೆ ಕಟ್ಟುವ ಯಂತ್ರ ಬಳಸಬೇಕು. ಕಾಫಿ, ಬೀಡಿ, ಸಿಗರೇಟು ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು. ಆಸ್ಪತ್ರೆಯ ಅಳತೆಯಲ್ಲಿ 140/90 ಎಂಬುದು ಎಚ್ಚರಿಕೆಯ ಗೆರೆಯಾದರೆ ಮನೆಯ ಸರಾಸರಿಯಲ್ಲಿ 135/85. ನಿದ್ರೆ ಬಾರದ ನಡುರಾತ್ರಿ ಎದ್ದು ಅಳೆಯುವ ಅಭ್ಯಾಸ ಬೇಡ. ಅಂಕಿ ನೋಡಿ ಗಾಬರಿ, ಗಾಬರಿಯಿಂದ ಅಂಕಿ ಏರಿಕೆ.

ಒಂದು ಸಣ್ಣ ನೋಟ್ ಬುಕ್ಕಿನಲ್ಲಿ ಎರಡು ವಾರ ನಾಲ್ಕು ವಿಷಯ ಬರೆದಿಟ್ಟರೆ ಸಾಕು: ಬೆಳಿಗ್ಗೆ ಸಂಜೆಯ ಬಿ.ಪಿ., ಮಾತ್ರೆ ನುಂಗಿದ ಹೊತ್ತು, ಮಲಗಿದ ಎದ್ದ ಸಮಯ ಮತ್ತು ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಹೊಸದಾಗಿ ಕಂಡ ತೊಂದರೆ. ವೈದ್ಯರ ಬಳಿ ಹೋಗುವಾಗ ಈ ಪುಸ್ತಕವನ್ನೂ, ಬಿಟ್ಟವೂ ಸೇರಿದಂತೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಸಾಧ್ಯವಾದರೆ ಒಂದೇ ಕೋಣೆಯಲ್ಲಿ ಮಲಗುವವರನ್ನೂ ಕರೆದೊಯ್ಯಬೇಕು.

ಮಾತ್ರೆ ಹಿಡಿಸದಿದ್ದರೆ ಅದನ್ನು ಬದಲಿಸಲು ಹಲವು ದಾರಿಗಳಿವೆ. ಚಿಕಿತ್ಸೆಯನ್ನೇ ಬಿಡುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ತಡ ಮಾಡಬಾರದ ಸಂದರ್ಭಗಳು

* ಮಾತ್ರೆ ತೆಗೆದುಕೊಂಡ ಮೇಲೆ ತುಟಿ, ನಾಲಿಗೆ, ಮುಖ ಊದಿಕೊಂಡರೆ ಆ ಮಾತ್ರೆಯನ್ನು ಮತ್ತೆ ಮುಟ್ಟದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. 'ಪ್ರಿಲ್' ಗುಂಪಿನ ಔಷಧಗಳಲ್ಲಿ ಇದು ಅಪರೂಪಕ್ಕೆ ಆಗುವುದುಂಟು.
* ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು, ಎದೆನೋವು, ಉಸಿರಾಟದ ಕಷ್ಟ ಕಂಡರೆ 108ಕ್ಕೆ ಕರೆ ಮಾಡಬೇಕು.
* ವಿಶ್ರಾಂತಿಯ ನಂತರವೂ ಒತ್ತಡ 180/120ಕ್ಕಿಂತ ಹೆಚ್ಚಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೂ ಅಂದೇ ವೈದ್ಯರ ಸಲಹೆ ಪಡೆಯಬೇಕು.
* ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬೀಳುವಂತಾದರೆ ನಿಂತುಕೊಂಡು ಅಳೆದ ಒತ್ತಡವನ್ನೂ ಪರೀಕ್ಷಿಸಬೇಕು. ರಾತ್ರಿ ಎದ್ದಾಗ ಎರಡು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತು, ದೀಪ ಹಾಕಿಕೊಂಡೇ ಹೆಜ್ಜೆ ಇಡಬೇಕು.